ಬಾಲ್ಡರ್ಸ್ ಗೇಟ್ 3 ಆಯ್ತು, ಹಳೇ ಇನ್ಫಿನಿಟಿ ಇಂಜಿನ್ ಗೇಮ್ಸಲ್ಲಿ ಯಾವ್ದು ಮೊದ್ಲು? (ಒಂದು ತೋಳ ನನ್ನ ಸಾಯ್ಸಿದೆ)

ಅರೆನಿದ್ದೆ:

ಎಲ್ರಿಗೂ ನಮಸ್ಕಾರ. ಹೋದ್ ತಿಂಗ್ಳು ಬಾಲ್ಡರ್ಸ್ ಗೇಟ್ 3 ಅನ್ನೋ ಕಂಪ್ಯೂಟರ್ ಗೇಮ್ ಮುಗಿಸ್ದೆ. ರಾತ್ರಿ ಹನ್ನೊಂದಕ್ಕೆ ಕೂತ್ರೆ ಎರಡು ಗಂಟೆ, ಬೆಳಗ್ಗೆ ಮೀಟಿಂಗಲ್ಲಿ ಕಣ್ಣು ಕೆಂಪು, ಹಿಂಗೇ ಮೂರು ತಿಂಗ್ಳು ಕಳೀತು. ಮುಗಿದ್ಮೇಲೆ ಬಾಡಿಗೆ ಮನೆ ಖಾಲಿ ಮಾಡ್ದಾಗ ಆಗತ್ತಲ್ಲ ಹಂಗೆ ಆಗಿ, ಸರಿ 3 ಇದೆ ಅಂದ್ಮೇಲೆ 1, 2 ಇರ್ಲೇಬೇಕಲ್ಲ ಅಂತ ಹುಡುಕ್ದೆ. ಸೇಲಲ್ಲಿ ಎನ್‌ಹಾನ್ಸ್ಡ್ ಎಡಿಶನ್‌ಗಳು (ಹಳೇ ಗೇಮನ್ನೇ ಈಗಿನ ಕಾಲಕ್ಕೆ ತಿದ್ದಿರೋದು) ಅಗ್ಗಕ್ಕೆ ಬಂದಿದ್ವು, ಬಾಲ್ಡರ್ಸ್ ಗೇಟ್ 1, 2, ಐಸ್‌ವಿಂಡ್ ಡೇಲ್, ಪ್ಲೇನ್‌ಸ್ಕೇಪ್ ಟಾರ್ಮೆಂಟ್, ನಾಲ್ಕೂ ಹಿಂದೆಮುಂದೆ ನೋಡ್ದೆ ತಗೊಂಡ್ಬಿಟ್ಟೆ.

ಈಗ ಕಷ್ಟ ಏನಪ್ಪಾ ಅಂದ್ರೆ ನಾಲ್ಕನ್ನೂ ಹತ್ತತ್ತು ನಿಮಿಷ ಓಪನ್ ಮಾಡಿ ನೋಡಿದ್ರೆ ನನ್ ಕಣ್ಣಿಗೆ ಎಲ್ಲಾ ಒಂದೇ. ಮೇಲಿಂದ ಓರೆಯಾಗಿ ಕಾಣೋ ನೆಲ, ನಮ್ಮವ್ರ ಕಾಲಡಿ ಹಸಿರು ಉಂಗುರ, ಶತ್ರು ಕಾಲಡಿ ಕೆಂಪು ಉಂಗುರ, ಸ್ಪೇಸ್ ಬಾರ್ ಒತ್ತಿದ್ರೆ ಎಲ್ರೂ ಇದ್ದಲ್ಲೇ ನಿಲ್ತಾರೆ. ಎಲ್ಲಾ ಇನ್ಫಿನಿಟಿ ಇಂಜಿನ್ ಅಂತಾರೆ, ಅಂದ್ರೆ ಗೇಮನ್ನ ಒಳಗಿಂದ ಓಡಿಸೋ ಸಾಫ್ಟ್‌ವೇರ್ ಒಂದೇ ಅಂತೆ. ಹಂಗಂದ್ರೆ ಒಂದೇ ಗೇಮಿಗೆ ಬೇರೆ ಬೇರೆ ಬಣ್ಣ ಹೊಡ್ದಿದಾರಾ? ಯಾವ್ದ್ರಿಂದ ಶುರು ಮಾಡ್ಲಿ?

ಇನ್ನೊಂದು, ನಾಚಿಕೆ ಬಿಟ್ಟು ಹೇಳ್ತೀನಿ. 1ರಲ್ಲಿ ಮಂತ್ರವಾದಿ ಮಾಡ್ಕೊಂಡೆ. ಹಿಟ್ ಪಾಯಿಂಟ್, ಅಂದ್ರೆ ಜೀವ, ಬರೀ 4. ಕ್ಯಾಂಡಲ್‌ಕೀಪ್ ಅನ್ನೋ ಲೈಬ್ರರಿ ಕೋಟೆಯಿಂದ ಹೊರಗೆ ಬಂದು ಕಾಡಲ್ಲಿ ಸ್ವಲ್ಪ ದೂರ ಹೋಗಿದ್ದೆ ಅಷ್ಟೇ, ಒಂದೇ ಒಂದು ತೋಳ ಬಂದು ಎರಡು ಸಲ ಬಾಯಿ ಹಾಕ್ತು, ಗೇಮ್ ಓವರ್. ಡ್ರ್ಯಾಗನ್ ಅಲ್ಲ ರಾಕ್ಷಸ ಅಲ್ಲ, ತೋಳ! ಮತ್ತೆ ಈ ಥ್ಯಾಕೋ ಅಂದ್ರೆ ಏನು, ಯಾರಾದ್ರೂ ಕನ್ನಡದಲ್ಲಿ ಹೇಳಿ ಪುಣ್ಯ ಕಟ್ಕೊಳಿ.

ಸೀಡಿ_ಡಬ್ಬಿ:

ತೋಳಕ್ಕೆ ಸತ್ತವ್ರ ಸಂಘಕ್ಕೆ ಸ್ವಾಗತ ಗುರು. ನಾನು 2001ರಲ್ಲಿ ಮೆಂಬರ್ ಆಗಿದ್ದು.

ಆಗ ಮೈಸೂರಲ್ಲಿ ಓದ್ತಿದ್ದೆ, ರೂಮಲ್ಲಿ ನಾಲ್ಕು ಜನಕ್ಕೆ ಒಂದು ಕಂಪ್ಯೂಟ್ರು. ಮೊದಲ್ನೇ ಬಾಲ್ಡರ್ಸ್ ಗೇಟ್ ಐದು ಸೀಡಿಲಿ ಬರ್ತಿತ್ತು, ಹಾರ್ಡ್‌ಡಿಸ್ಕಲ್ಲಿ ಅಷ್ಟು ಜಾಗ ಎಲ್ಲಿಂದ ತರೋದು, ಚಿಕ್ಕ ಇನ್‌ಸ್ಟಾಲ್ ಮಾಡಿದ್ರೆ ಒಂದು ಊರಿಂದ ಇನ್ನೊಂದು ಊರಿಗೆ ಹೋಗುವಾಗ ಇಂಥ ನಂಬರ್ ಸೀಡಿ ಹಾಕು ಅಂತ ಕೇಳೋದು. ನಮ್ದ್ರಲ್ಲಿ ಒಂದು ಸೀಡಿಗೆ ಗೀರು ಬಿದ್ದಿತ್ತು. ಪಂಚೆಲಿ ಒರೆಸಿ, ಬಾಯಲ್ಲಿ ಹಬೆ ಊದಿ, ದೇವ್ರ ಹೆಸ್ರು ಹೇಳಿ ಹಾಕ್ಬೇಕು. ಅದು ಹತ್ತಿದ್ರೆ ಆ ಊರು ಇದೆ, ಹತ್ತಲಿಲ್ಲ ಅಂದ್ರೆ ಊರೇ ಇಲ್ಲ.

ಸರಿ ನಿನ್ನ ಪ್ರಶ್ನೆಗೆ ಬರ್ತೀನಿ. ಒಂದೇ ಇಂಜಿನ್ ಹೌದು, ಒಂದೇ ಗೇಮ್ ಖಂಡಿತ ಅಲ್ಲ. ಬಯೋವೇರ್ ಅನ್ನೋ ಕಂಪ್ನಿನ 1995ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಡಾಕ್ಟ್ರುಗಳು ಸೇರ್ಕೊಂಡು ಶುರು ಮಾಡಿದ್ದು, ರೇ ಮುಝಿಕಾ, ಗ್ರೆಗ್ ಝೆಸ್ಚುಕ್ ಎಲ್ಲ ನಿಜವಾಗ್ಲೂ ಮೆಡಿಸಿನ್ ಓದಿದ್ದವ್ರು. ಅವ್ರು ಬ್ಯಾಟಲ್‌ಗ್ರೌಂಡ್ ಇನ್ಫಿನಿಟಿ ಅಂತ ಒಂದು ಡೆಮೊ ಮಾಡಿ ಇಂಟರ್‌ಪ್ಲೇ ಅನ್ನೋ ಗೇಮ್ ಪ್ರಕಾಶಕರಿಗೆ ತೋರ್ಸಿದ್ರು. ಇಂಟರ್‌ಪ್ಲೇ ಕೈಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ದಾಳ ಹಾಕಿ ಆಡೋ ಆಟದ ಲೈಸೆನ್ಸ್ ಇತ್ತು, ಡೆಮೊ ಹೋಗಿ 1998ರ ಡಿಸೆಂಬರಲ್ಲಿ ಬಾಲ್ಡರ್ಸ್ ಗೇಟ್ ಆಗಿ ಬಂತು, ಇನ್ಫಿನಿಟಿ ಅನ್ನೋ ಹೆಸ್ರು ಮಾತ್ರ ಇಂಜಿನ್ನಿಗೆ ಅಂಟ್ಕೊಂಡು ಉಳೀತು. ಆ ಡೆಮೊ ಇದ್ದಿದ್ದು ಸ್ಟ್ರಾಟಜಿ ಗೇಮ್ ಥರ, ಅದಕ್ಕೇ ನೋಡು ಈಗ್ಲೂ ಮೌಸಲ್ಲಿ ಚೌಕ ಎಳೆದು ನಿನ್ನ ಗುಂಪಿನ ಆರೂ ಜನಾನ್ನ ಒಟ್ಟಿಗೆ ಹಿಡೀಬಹುದು, ಸೈನ್ಯ ನಡೆಸ್ದಂಗೆ.

ಆಮೇಲೆ ಇಂಟರ್‌ಪ್ಲೇದೇ ಒಳಗಿನ ತಂಡ ಬ್ಲ್ಯಾಕ್ ಐಲ್ ಅದೇ ಇಂಜಿನ್ ತಗೊಂಡು 1999ರಲ್ಲಿ ಟಾರ್ಮೆಂಟ್, 2000ದಲ್ಲಿ ಐಸ್‌ವಿಂಡ್ ಡೇಲ್, 2002ರಲ್ಲಿ ಅದ್ರ ಎರಡನೇ ಭಾಗ ಮಾಡಿದ್ರು. ಬಯೋವೇರ್ ಕಡೆಯಿಂದ 2000ದಲ್ಲಿ ಬಾಲ್ಡರ್ಸ್ ಗೇಟ್ 2, ಮುಂದಿನ ವರ್ಷ ಅದ್ರ ಮುಕ್ತಾಯ ಥ್ರೋನ್ ಆಫ್ ಬಾಲ್. ನಾಲ್ಕೇ ವರ್ಷ, ಐದು ಗೇಮ್ ಪ್ಲಸ್ ಎಕ್ಸ್‌ಪಾನ್ಶನ್‌ಗಳು (ಗೇಮಿಗೆ ಆಮೇಲೆ ಸೇರ್ಸೋ ಭಾಗಗಳು). ಈಗ ಒಂದು ಗೇಮಿಗೆ ಆರು ವರ್ಷ ಕಾಯ್ತೀವಿ. ಇಂಜಿನ್ ಮೊದ್ಲೇ ರೆಡಿ ಇದ್ದಿದ್ದಕ್ಕೇ ಅವ್ರು ಕೂತು ಕಥೆ, ಜಾಗ, ಪಾತ್ರ ಅಂತ ತಲೆ ಓಡ್ಸೋಕಾಗಿದ್ದು. ಇಡ್ಲಿ ಹಿಟ್ಟು ಒಂದೇ, ಇವತ್ತು ಇಡ್ಲಿ, ನಾಳೆ ದೋಸೆ, ಹುಳಿ ಬಂದ ಮೇಲೆ ಪಡ್ಡು, ಹಂಗೆ.

ಥ್ಯಾಕೋ: ಹೆದರ್ಬೇಡ, ಬರೀ ಕಳೆಯೋ ಲೆಕ್ಕ. ಇಲ್ಲಿ ಆರ್ಮರ್ ಕ್ಲಾಸ್, ಅಂದ್ರೆ ಏಟು ತಪ್ಪಿಸ್ಕೊಳೋ ರಕ್ಷಣೆಯ ಅಂಕಿ, ಕಮ್ಮಿ ಇದ್ದಷ್ಟೂ ಒಳ್ಳೇದು, ಸೊನ್ನೆ ಅಂದ್ರೆ ಗಟ್ಟಿ ಆಸಾಮಿ, ಮೈನಸ್ ಆದ್ರೆ ಇನ್ನೂ ಗಟ್ಟಿ. ಆರ್ಮರ್ ಕ್ಲಾಸ್ ಸೊನ್ನೆ ಇರೋನಿಗೆ ಏಟು ತಗಲಿಸೋಕೆ ನಿಂಗೆ ಇಪ್ಪತ್ತು ಮುಖದ ದಾಳದಲ್ಲಿ ಎಷ್ಟು ಬೀಳ್ಬೇಕೋ ಅದೇ ನಿನ್ನ ಥ್ಯಾಕೋ. ನಿಂದು 18 ಅನ್ಕೋ, ಎದುರಿನವ್ನ ಆರ್ಮರ್ ಕ್ಲಾಸ್ 5, ಹದಿನೆಂಟರಲ್ಲಿ ಐದು ಹೋದ್ರೆ 13, ಅಷ್ಟು ಅಥ್ವಾ ಜಾಸ್ತಿ ಬಿದ್ರೆ ತಗುಲ್ತು. ಎದುರಿನವ್ನ್ದು ಮೈನಸ್ 2 ಇದ್ರೆ 20 ಬಿದ್ರೇ ಉಂಟು. ಅಷ್ಟೇ. ಇದನ್ನ ಬೋರ್ಡ್ ಮೇಲೆ ಬರ್ದು ನಾಲ್ಕು ಜನ ಗಲಾಟೆ ಮಾಡಿದೀವಿ ನಾವು ಆವಾಗ.

ಆರ್ಡರ್: 1ರಿಂದ ಶುರು ಮಾಡು, ಮೊದಲ ಸಲ ಫೈಟರ್ ತಗೋ. ಅದೇ ಕ್ಯಾರೆಕ್ಟರ್‌ನ ಎತ್ಕೊಂಡು 2ಕ್ಕೆ ಹೋಗ್ಬಹುದು, ಆ ಖುಷಿನೇ ಬೇರೆ. ಹಳೇ ಎಡಿಶನ್ನಿನ ಮೊದಲ್ನೇ ಗೇಮಲ್ಲಿ ಆಡ್ತಾ ಆಡ್ತಾ ಗಳಿಸೋ ಅನುಭವದ ಮಿತಿ 89,000 ಪಾಯಿಂಟ್, ಎರಡನೇದ್ರಲ್ಲಿ ಹೊಸಬ್ರು ಶುರು ಮಾಡೋದೇ ಆ 89,000ದಿಂದ, ಥ್ರೋನ್ ಆಫ್ ಬಾಲ್ ಮುಗಿಯೋ ಹೊತ್ತಿಗೆ ಮಿತಿ 80 ಲಕ್ಷ. ತೋಳಕ್ಕೆ ಸತ್ತವ್ನು ದೇವ್ರುಗಳ ಜೊತೆ ಜಗಳಕ್ಕೆ ನಿಲ್ತಾನೆ. ಒಂದೇ ಮನುಷ್ಯನ್ನ ಅಷ್ಟು ದೂರ ನಡೆಸೋ ಗೇಮ್ ನಾನು ಆಮೇಲೆ ಬಹಳ ನೋಡಿಲ್ಲ. ಟಾರ್ಮೆಂಟ್ ಕೊನೇಗೆ ಇಟ್ಕೋ, ಅದು ಓದೋ ಗೇಮು.

ಜೋಳದ_ರೊಟ್ಟಿ:

ಏನ್ರಿ ಡಬ್ಬಿ ಅಣ್ಣಾರ, ಟಾರ್ಮೆಂಟ್ ಕಡೀಕ ಇಟ್ಕೋ ಅಂತೀರಲ್ಲ, ಹಂಗಂದ್ರ ಹೆಂಗ್ರಿ. ಊಟಕ್ಕ ಕರ್ದು ಹೋಳಿಗಿ ಅಟ್ಟದ ಮ್ಯಾಲ ಇಟ್ಟಂಗಾತು.

ಅರೆನಿದ್ದೆ ಅವ್ರ, ನೀವು ಕೇಳಿದ್ರಿ ಎಲ್ಲಾ ಒಂದs ಥರ ಕಾಣ್ತಾವು ಅಂತ. ಟಾರ್ಮೆಂಟ್ ಒಂದು ತಾಸು ಆಡಿ ನೋಡ್ರಿ, ಆಮ್ಯಾಲ ಕೇಳ್ರಿ. ಹೆಣದ ಮನಿಯೊಳಗ ಕಲ್ಲಿನ ಮ್ಯಾಲ ಎಚ್ರ ಆಗ್ತದ. ನೀವು ಯಾರು ಅಂತ ನಿಮಗs ಗೊತ್ತಿಲ್ಲ, ಹೆಸರಿಲ್ಲ, ಮೈತುಂಬ ಗಾಯದ ಕಲಿ, ಬೆನ್ನ ಮ್ಯಾಲ ಏನೋ ಹಚ್ಚಿ ಹಾಕ್ಯಾರ, ಅದನ್ನ ಓದಿ ಹೇಳಾಕ ಒಂದು ತಲಿಬುರುಡಿ ಗಾಳ್ಯಾಗ ತೇಲ್ಕೋತ ಬರ್ತದ. ಸತ್ರೂ ಸಾಯಂಗಿಲ್ಲ ನೀವು, ಬಹಳ ಕಡೆ ಸತ್ತು ಮತ್ತ ಎದ್ದು ಕೂಡ್ತೀರಿ. ತೋಳದ ಅಂಜಿಕೀನ ಇಲ್ಲ ಬಿಡ್ರಿ.

ಒಂದs ಒಂದು ಉದಾಹರಣಿ ಕೊಡ್ತೀನಿ, ಹೆಚ್ಚಿಗಿ ಹೇಳಿ ಕೆಡಸಂಗಿಲ್ಲ. ಊರಾಗ ಒಂದು ಸೆರಿ ಅಂಗಡಿ ಅದ, ಅಲ್ಲಿ ಮಾಲಕನ ಕಡೆ ಜಾಡಿಯೊಳಗ ಒಂದು ಕಣ್ಣ ಅದ. ನಿಮ್ಮದs ಕಣ್ಣ ಅದು, ಯಾವಾಗಿಂದೋ. ಅದನ್ನ ತಗೊಂಡು, ಈಗಿನ ಕಣ್ಣ ಕಿತ್ತು, ಹಳೇದನ್ನ ಕೂಡಿಸ್ಕೊಂಡ್ರ ಮರ್ತು ಹೋಗಿದ್ದ ನೆನಪು ಬರ್ತಾವು. ಇದೆಲ್ಲಾ ಆಗೂದು ಬರೇ ಅಕ್ಷರದಾಗ್ರಿ. ತೆರಿ ಮ್ಯಾಲ ಒಂದು ಸಣ್ಣ ಗೊಂಬಿ ಸುಮ್ನ ನಿಂತಿರ್ತದ, ಕೆಳಗಿನ ಪೆಟಗಿಯೊಳಗ ನಾಕು ಸಾಲು ಬರ್ದಿರ್ತಾರ. ನಾ ಅದನ್ನ ಓದಿ ಖರೇನ ಕಣ್ಣ ಮುಟ್ಟಿ ನೋಡ್ಕೊಂಡಿದ್ದೆ.

ಸುಮಾರು 8 ಲಕ್ಷ ಪದ ಅದಾವಂತ ಅದರಾಗ. ಅದನ್ನ ಮಾಡಿದವ್ರ ಮುಂದಾಳು ಕ್ರಿಸ್ ಅವೆಲೋನ್. ಅನುಭವದ ಪಾಯಿಂಟ್ ಹೊಡದಾಟಕ್ಕಿಂತ ಮಾತಿನ್ಯಾಗs ಜಾಸ್ತಿ ಸಿಗ್ತಾವು. ಅದಕ್ಕ ಶುರುವಿನ್ಯಾಗ ಶಕ್ತಿಗೆ ಪಾಯಿಂಟ್ ಹಾಕಿ ಹಾಳ ಮಾಡಬ್ಯಾಡ್ರಿ, ವಿಸ್ಡಮ್ಮಿಗೆ ಹಾಕ್ರಿ, ಆಮ್ಯಾಲ ಇಂಟೆಲಿಜೆನ್ಸ್, ಕರಿಸ್ಮ. ವಿಸ್ಡಮ್ ಕಡಿಮಿ ಇದ್ರ ಅರ್ಧ ಕತಿ ನಿಮಗ ಕಾಣೂದs ಇಲ್ಲ.

ಹೊಡದಾಟ ಸಪ್ಪಗದ, ಅದನ್ನ ಒಪ್ಕೋತೀನಿ. ಆ ಇಂಜಿನ್ ಹೊಡದಾಟಕ್ಕಂತ ಮಾಡಿದ್ದು, ಇವ್ರು ಅದರ ಮ್ಯಾಲ ಒಂದು ಕಾದಂಬರಿ ಹೇರ್ಯಾರ.

ಅರೆನಿದ್ದೆ:

ರೊಟ್ಟಿ ಸಾರ್, ಕಣ್ಣಿನ ವಿಷ್ಯ ಓದಿ ನನ್ ಮೈ ಜುಂ ಅಂತು. ಆದ್ರೆ ನನ್ನ ಇಂಗ್ಲಿಷ್ ಆಫೀಸ್ ಮೇಲ್ ಬರೆಯೋ ಅಷ್ಟು ಮಾತ್ರ, ಹತ್ತು ನಿಮಿಷ ನೋಡಿದ್ದಕ್ಕೇ ಬರ್ಕ್, ಕಟ್ಟರ್ ಅಂತ ಏನೇನೋ ಪದ ಬಂತು, ಡಿಕ್ಷನರಿಲೂ ಸಿಗಲ್ಲ.

ಜೋಳದ_ರೊಟ್ಟಿ:

ಅದು ಆ ಊರಿನ ಭಾಷಾರಿ. ಸಿಜಿಲ್ ಅಂತ ಊರು. ಹಳೇ ಕಾಲದ ಇಂಗ್ಲಿಷ್ ಕಳ್ಳರ ಗುಟ್ಟಿನ ಮಾತಿಂದ ಎತ್ಕೊಂಡಾರ. ಡಿಕ್ಷನರಿ ಬಿಡ್ರಿ, ಹೊಸಾ ಊರಿಗೆ ಹೋದ್ರ ಸಂತ್ಯಾಗ ನಿಂತು ಕಿವಿಗೊಟ್ಟು ಕಲೀತೀವಲ್ಲ ಹಂಗ ಕಲೀರಿ. ಎರಡು ದಿನಕ್ಕ ನೀವs ಬೈತೀರಿ ಹಂಗ.

ಅರ್ಧವಿರಾಮ:

ಡಬ್ಬಿ ಹೇಳಿದ ಹಿಟ್ಟಿನ ಹೋಲಿಕೆ ಸ್ವಲ್ಪ ತಪ್ಪು. ಇಂಜಿನ್ ಹಿಟ್ಟಲ್ಲ, ಕಾವಲಿ. ಹಿಟ್ಟು ಪ್ರತಿ ಗೇಮಿಗೂ ಬೇರೆ ರುಬ್ಬಿದಾರೆ. ನಾನು ಈ ಗೇಮ್‌ಗಳ ಫೈಲ್ ಬಿಚ್ಚಿ ನೋಡೋದ್ರಲ್ಲೇ ಆಡಿದ್ದಕ್ಕಿಂತ ಜಾಸ್ತಿ ಹೊತ್ತು ಕಳ್ದಿದೀನಿ, ಅದಕ್ಕೇ ಒಂಚೂರು ಉದ್ದ ಬರೀತೀನಿ, ಬೇಜಾರಾದ್ರೆ ಸ್ಕ್ರೋಲ್ ಮಾಡಿ.

ನೀವು ನೋಡೋ ನೆಲ ಇದೆಯಲ್ಲ, ಅದು ಆಡುವಾಗ ಗೀಚಿದ್ದಲ್ಲ, ಮೊದ್ಲೇ ಥ್ರೀಡಿಲಿ ಮಾಡಿ, ಒಂದು ದೊಡ್ಡ ಚಿತ್ರ ತೆಗ್ದು, ಆ ಚಿತ್ರಾನ ಅರವತ್ನಾಲ್ಕು ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ ಇಟ್ಟಿರೋದು. ಆಗಿನ ಕಂಪ್ಯೂಟ್ರುಗಳಿಗೆ ಅಷ್ಟು ಮರ, ಕಲ್ಲು, ಹಂಚು ಎಲ್ಲಾ ಲೈವ್ ಆಗಿ ತೋರ್ಸೋ ಶಕ್ತಿ ಇರ್ಲಿಲ್ಲ, ಚಿತ್ರ ಅಂಟಿಸೋದಾದ್ರೆ ಸುಲಭ. ಹಂಗಾದ್ರೆ ಮನುಷ್ಯ ಮರದ ಹಿಂದೆ ಹೋದಾಗ ಮರೆ ಆಗೋದು ಹೇಗೆ? ಚಿತ್ರದ ಮೇಲೆ ಕಾಣದ ಗೆರೆ ಎಳ್ದು ಇಲ್ಲಿಂದ ಇಲ್ಲಿವರೆಗೆ ಗೋಡೆ ಅಂತ ಗುರುತು ಹಾಕಿರ್ತಾರೆ. ಎಲ್ಲಿ ಕಾಲಿಡಬಹುದು, ಎಲ್ಲಿ ನೀರು ಅನ್ನೋದಕ್ಕೆ ಇನ್ನೊಂದು ಪುಟ್ಟ ಮಸುಕು ಚಿತ್ರ, ಅದ್ರಲ್ಲಿ ಬಣ್ಣವೇ ಸಂಕೇತ. ಈ ಕಾರಣಕ್ಕೇ ಇಪ್ಪತ್ತೈದು ವರ್ಷ ಆದ್ರೂ ಆ ಊರುಗಳು ಚೆನ್ನಾಗೇ ಕಾಣ್ತವೆ, ಅದೇ ಕಾಲದ ಥ್ರೀಡಿ ಗೇಮ್‌ಗಳ ಮುಖ ನೋಡೋಕಾಗಲ್ಲ. ಹಳೇ ಪೇಂಟಿಂಗ್ ಹಳೇದಾಗಿ ಕಾಣತ್ತೆ, ಕೆಟ್ಟದಾಗಿ ಕಾಣಲ್ಲ.

ಇನ್ನು ಇಂಜಿನ್ ಒಂದೇ ಆಗಿದ್ದಕ್ಕೆ ನಿಜವಾದ ಲಾಭ ಬಂದಿದ್ದು ಆಮೇಲೆ. ಖಡ್ಗ, ಮಂತ್ರ, ಮನುಷ್ಯ, ಮಾತು ಎಲ್ಲಾ ಸಣ್ಣ ಸಣ್ಣ ಫೈಲು, ಹೆಸ್ರು ಎಂಟೇ ಅಕ್ಷರ. ಒಂದು ಗೇಮಿನ ಫೈಲ್ ಓದೋಕೆ ಕಲಿತ್ರೆ ಹೆಚ್ಚುಕಮ್ಮಿ ಐದೂ ಓದ್ಬಹುದು. ಇದ್ರಿಂದ ಮಾಡ್ (ಆಡೋರೇ ಗೇಮಿಗೆ ಮಾಡೋ ತಿದ್ದುಪಡಿ) ಮಾಡೋರ ದೊಡ್ಡ ಗುಂಪೇ ಬೆಳೀತು. ಮೊದಮೊದ್ಲು ಇಬ್ರು ಒಂದೇ ಫೈಲ್ ತಿದ್ದಿದ್ರೆ ಒಬ್ಬಂದು ಇನ್ನೊಬ್ಬಂದನ್ನ ಅಳಿಸ್ಬಿಡೋದು, ಆಮೇಲೆ ವೈಡು ಅಂತ ಟೂಲ್ ಬಂತು, ಅದು ಇಡೀ ಫೈಲ್ ತೆಗ್ದು ಬೇರೆ ಇಡೋ ಬದ್ಲು, ತಿದ್ದಿದಷ್ಟನ್ನ ಮಾತ್ರ ಹಚ್ಚತ್ತೆ, ಹಂಗಾಗಿ ಹತ್ತಾರು ಮಾಡ್ ಒಟ್ಟಿಗೆ ಇರ್ಬಹುದು (ಹಾಕೋ ಕ್ರಮ ತಪ್ಪಿದ್ರೆ ಮಾತ್ರ ನಿಮ್ಮ ಭಾನುವಾರ ಹೋಯ್ತು). 1ನೇ ಗೇಮನ್ನ ಪೂರ್ತಿ 2ರ ಇಂಜಿನ್ ಒಳಗೆ ಕೂರಿಸಿ ಒಂದೇ ಉದ್ದ ಗೇಮ್ ಮಾಡಿರೋರೂ ಇದಾರೆ. ಜೆಮ್‌ಆರ್‌ಬಿ ಅಂತ ಇಂಜಿನ್ನನ್ನೇ ಮೊದಲಿಂದ ಹೊಸದಾಗಿ ಬರ್ದು ಓಪನ್ ಸೋರ್ಸಲ್ಲಿ ಬಿಟ್ಟಿರೋರೂ ಇದಾರೆ, ಹಳೇ ಸೀಡಿ ಫೈಲ್ ಇದ್ರೆ ಲಿನಕ್ಸಲ್ಲಿ ಓಡತ್ತೆ.

ಕನ್ನಡದ ವಿಷ್ಯ ಒಂದು ಹೇಳ್ಲೇಬೇಕು, ಇದನ್ನ ಇನ್ನೆಲ್ಲೂ ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ. ಗೇಮಲ್ಲಿ ಬರೋ ಅಷ್ಟೂ ಮಾತು ಡೈಲಾಗ್ ಡಾಟ್ ಟಿಎಲ್‌ಕೆ ಅನ್ನೋ ಒಂದೇ ಫೈಲಲ್ಲಿ ನಂಬರ್ ಹಾಕಿ ಸಾಲಾಗಿ ಇರತ್ತೆ. ಹಳೇ ಎಡಿಶನ್ನಲ್ಲಿ ಫಾಂಟ್ ಅಂದ್ರೆ ಫಾಂಟೇ ಅಲ್ಲ, ಪ್ರತಿ ಅಕ್ಷರಕ್ಕೆ ಒಂದು ಪುಟ್ಟ ಚಿತ್ರ, ಒಂದು ಬೈಟಿಗೆ ಒಂದು ಚಿತ್ರ, ಒಟ್ಟು 256ರ ಒಳಗೆ. ಯೂನಿಕೋಡ್ ಅಲ್ಲಿಗೆ ಹೋದ್ರೆ ಕಸ ಕಾಣತ್ತೆ. ಅದನ್ನ ನೋಡಿ ಕೂತಿದ್ದಾಗ ತಲೆಗೆ ಹೊಳೀತು, ಅಯ್ಯೋ ಇದು ನಮ್ಮ ಹಳೇ ನುಡಿ ಫಾಂಟಿನ ಥರಾನೇ ಅಲ್ವಾ! ಯೂನಿಕೋಡ್ ಬರೋ ಮುಂಚೆ ಡಿಟಿಪಿ ಅಂಗಡಿಲಿ ಮಾಡ್ತಿದ್ದಿದ್ದೂ ಇದೇ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳು, ತಲೆಕಟ್ಟು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ, ಎಲ್ಲಾ ಪಕ್ಕಪಕ್ಕ ಜೋಡ್ಸೋದು. ಎರಡು ಶನಿವಾರ ಕೂತು ಆ ಲೆಕ್ಕದಲ್ಲಿ ತುಂಡುಗಳನ್ನ ಚಿತ್ರ ಮಾಡಿ ಹಾಕ್ದೆ, ಪ್ರತಿ ಚಿತ್ರಕ್ಕೂ ಎಷ್ಟು ಕೆಳಗೆ ಇಳೀಬೇಕು ಅಂತ ಹೇಳೋ ಸೌಲಭ್ಯ ಇರೋದ್ರಿಂದ ಒತ್ತು ಸರಿಯಾಗಿ ಕೆಳಗೇ ಕೂತ್ಕೊಂಡ್ತು. ಕ್ಯಾಂಡಲ್‌ಕೀಪ್ ಹೋಟ್ಲು ಯಜಮಾನ ವಿಂತ್ರೊಪ್ ಬಾಯಲ್ಲಿ 'ಏನಪ್ಪಾ, ಊಟ ಆಯ್ತಾ' ಅಂತ ಬಂದಾಗ ಒಬ್ನೇ ಕೂತು ಚಪ್ಪಾಳೆ ತಟ್ಟಿದೀನಿ. ಮೂರು ಸಾಲು ಮಾಡ್ದೆ ಅಷ್ಟೇ. ಅಲ್ಲಿರೋದು ಸಾವಿರ ಸಾವಿರ ಸಾಲು, ಆಯಸ್ಸು ಸಾಲಲ್ಲ.

ಪಾಪದ_ಕೋಳಿ:

ನಾನು ಬೈಸ್ಕೊಳೋಕೆ ರೆಡಿಯಾಗೇ ಬಂದಿದೀನಿ. 3 ಆಡಿ ಬಂದವ್ರಿಗೆ 1 ಕಷ್ಟ ಮಾರಾಯ್ರೆ. ನಾನು ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟೆ. ಆರು ಜನ ಒಂದು ಬಾಗಿಲು ದಾಟುದ್ರೊಳಗೆ ಒಬ್ಬ ಹಿಂದೆ ತಿರುಗಿ ಇಡೀ ಊರು ಸುತ್ತಿ ಬರ್ತಾನೆ, ದಾರಿ ಹುಡುಕ್ಲಿಕ್ಕೆ ಬರುದಿಲ್ಲ ಅವ್ರಿಗೆ. ಕಾಡೆಲ್ಲ ಖಾಲಿ ಖಾಲಿ ಬೇರೆ. ನನ್ನ ಕೇಳಿದ್ರೆ ಸೀದಾ 2ಕ್ಕೆ ಹೋಗಿ, ಐರೆನಿಕಸ್ ಥರದ ವಿಲನ್ ಮತ್ತೆ ಸಿಕ್ಲಿಲ್ಲ. ಡೇವಿಡ್ ವಾರ್ನರ್ (ಕ್ರಿಕೆಟಿಗ ಅಲ್ಲ, ನಟ) ಧ್ವನಿ ಅದು, ಜೋರಾಗಿ ಕಿರುಚುದೇ ಇಲ್ಲ ಹೆಚ್ಚಾಗಿ, ಮೆಲ್ಲ ಮಾತಾಡಿಯೇ ಹೆದರಿಸ್ತಾನೆ.

ಸೀಡಿ_ಡಬ್ಬಿ:

ಕೋಳಿ, ಬೈಯಲ್ಲ ಬಿಡು. ದಾರಿ ಹುಡುಕೋ ವಿಷ್ಯ ಸತ್ಯ. ನ್ಯಾಶ್‌ಕೆಲ್ ಗಣಿ ಒಳಗೆ ಕಿರಿದಾದ ದಾರಿಲಿ ನನ್ನ ಆರು ಜನ ಬಿಎಂಟಿಸಿ ಬಸ್ಸು ಬಾಗ್ಲಲ್ಲಿ ನಿಂತಂಗೆ ನಿಂತಿರೋರು. ಆದ್ರೆ ಕಾಡು ಖಾಲಿ ಅನ್ನೋದನ್ನ ಒಪ್ಪಲ್ಲ, ಆ ಖಾಲಿ ಇರೋದ್ರಿಂದಾನೇ ಏನಾದ್ರೂ ಎದುರಾದ್ರೆ ಎದೆ ಧಸಕ್ ಅನ್ನೋದು. ತೋಳ ಆದ್ರೂ ಸರಿ.

ಮತ್ತೆ ಅರ್ಧವಿರಾಮ, ಕಾವಲಿ ಒಪ್ಕೊಂಡೆ.

ಹಿಮದ_ಹಪ್ಪಳ:

ಐಸ್‌ವಿಂಡ್ ಡೇಲ್ ಬಗ್ಗೆ ಯಾರೂ ಎರಡು ಮಾತು ಆಡ್ಲಿಲ್ವಲ್ಲ, ಯಾವಾಗ್ಲೂ ಇದೇ ಗತಿ ಅದಕ್ಕೆ. ಕಥೆ ಸಾಧಾರಣ, ಜೊತೆಗಾರರ ಹರಟೆ ಇಲ್ಲ, ಆರು ಜನಾನ್ನೂ ನೀವೇ ಮಾಡ್ಕೋಬೇಕು, ಹೊಡೆದಾಟ ಹೊಡೆದಾಟ ಹೊಡೆದಾಟ. ಆದ್ರೆ ಆರು ಜನಾನ್ನ ಸರಿಯಾಗಿ ನಿಲ್ಲಿಸಿ ಗೆಲ್ಲೋದನ್ನ ಕಲಿಯೋಕೆ ಅದಕ್ಕಿಂತ ಒಳ್ಳೇ ಶಾಲೆ ಇಲ್ಲ. ಜೆರೆಮಿ ಸೋಲ್ ಸಂಗೀತ. ಹಿಮದ ನಡುವೆ ಒಂದು ದೊಡ್ಡ ಓಕ್ ಮರದ ಬಿಸಿಗೆ ಬದುಕಿರೋ ಊರು ಕುಲ್ದಹಾರ್, ಆ ಊರಿಗೆ ಮೊದಲ ಸಲ ಕಾಲಿಟ್ಟಾಗ ನಾನು ಏನೂ ಮಾಡ್ದೆ ಐದು ನಿಮಿಷ ಸುಮ್ನೆ ಸಂಗೀತ ಕೇಳ್ತಾ ಕೂತಿದ್ದೆ.

ಎರಡನೇ ಭಾಗ ಎನ್‌ಹಾನ್ಸ್ಡ್ ಲಿಸ್ಟಲ್ಲಿ ಯಾಕಿಲ್ಲ ಅಂತ ಕೇಳ್ತೀರೇನೋ. ಉಳಿದವನ್ನ ಬೀಮ್‌ಡಾಗ್ ಅನ್ನೋ ಕಂಪ್ನಿ 2012ರಿಂದ 2017ರ ಒಳಗೆ ಒಂದೊಂದಾಗಿ ತಂದ್ರು, ಇದ್ರ ಸೋರ್ಸ್ ಕೋಡ್ ಮಾತ್ರ ಸಿಗ್ಲೇ ಇಲ್ಲ. ಕಳ್ದೋಗಿದೆ. ಒಂದು ಗೇಮಿನ ಮೂಲ ಪ್ರತಿ ಇಪ್ಪತ್ತು ವರ್ಷ ಇಟ್ಕೊಳೋಕೆ ಆಗ್ಲಿಲ್ಲ ಯಾರ್ಗೂ, ಹೊಟ್ಟೆ ಉರಿಯತ್ತೆ. ಬೇಕಂದ್ರೆ ಹಳೇದನ್ನೇ ತಗೊಂಡು ಮಾಡ್ ಹಾಕ್ಕೊಂಡು ಆಡಿ. ಅದ್ರಲ್ಲಿ ಥ್ಯಾಕೋ ಇಲ್ಲ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರನೇ ಎಡಿಶನ್ ನಿಯಮ, ಜಾಸ್ತಿ ಇದ್ರೆ ಒಳ್ಳೇದು ಅನ್ನೋ ಮಾಮೂಲಿ ಲೆಕ್ಕ.

ಅರೆನಿದ್ದೆ:

ಎಲ್ರಿಗೂ ಥ್ಯಾಂಕ್ಸ್. ಡಬ್ಬಿ ಅವ್ರ ಮಾತು ಕೇಳಿ 1ರಲ್ಲಿ ಫೈಟರ್ ಮಾಡ್ಕೊಂಡು ಹೊಸದಾಗಿ ಶುರು ಮಾಡ್ದೆ. ತೋಳ ಬಂತು, ಕೊಂದೆ! ಸ್ಕ್ರೀನ್‌ಶಾಟ್ ತೆಗ್ದು ಹೆಂಡ್ತಿಗೆ ತೋರ್ಸಿದ್ರೆ ನಾಯಿ ತರ ಇದೆಯಲ್ಲ ಪಾಪ ಅಂದ್ಲು.

ಅದೇ ಖುಷಿಲಿ ಫ್ರೆಂಡ್ಲಿ ಆರ್ಮ್ ಇನ್ ಅನ್ನೋ ಛತ್ರಕ್ಕೆ ಹೋದೆ, ಹೆಸ್ರಲ್ಲೇ ಫ್ರೆಂಡ್ಲಿ ಇದೆ ಅಂತ. ಮೆಟ್ಟಿಲ ಮೇಲೆ ಒಬ್ಬ ನಿಂತಿದ್ದ, ನಯವಾಗಿ ನೀನು ಇಂಥವ್ನಾ ಅಂತ ಕೇಳ್ದ. ಹೌದು ಅಂದೆ. ತಕ್ಷಣ ಅವ್ನು ನಾಲ್ಕೈದು ಜನ ಆಗೋದ, ಏನೋ ಮಂತ್ರ ಹಾಕ್ದ, ನಮ್ಮವ್ರೆಲ್ಲ ಹೆದರಿ ದಿಕ್ಕಾಪಾಲು ಓಡಿದ್ರು, ನಾನು ಮೆಟ್ಟಿಲ ಮೇಲೇ ಹೆಣ. ಈಗ ಇವ್ನಿಗೆ ಏನ್ ಮಾಡೋದು?

ಸೀಡಿ_ಡಬ್ಬಿ:

ಹಹ್ಹಹ್ಹಾ, ಟಾರ್ನೆಶ್! ಅವ್ನಿಗೂ ಒಂದು ಸಂಘ ಇದೆ, ಅದ್ರಲ್ಲೂ ನೀನು ಈಗ ಮೆಂಬರ್.

ಕೇಳು. ಅವ್ನು ಮಂತ್ರ ಶುರು ಮಾಡಿ ಮುಗ್ಸೋ ಮಧ್ಯೆ ಒಂದು ಏಟು ಬಿದ್ರೆ ಆ ಮಂತ್ರ ಕೆಟ್ಟೋಗತ್ತೆ. ಮೆಟ್ಟಿಲು ಹತ್ತೋ ಮುಂಚೆನೇ ಎಲ್ರ ಕೈಲೂ ಬಿಲ್ಲು ಕೊಡು, ಹರಡಿ ನಿಲ್ಸು, ಒಬ್ರ ಪಕ್ಕ ಒಬ್ರು ನಿಲ್ಲಬಾರ್ದು. ಕ್ಯೂ ಒತ್ತಿ ಸೇವ್ ಮಾಡು. ಮಾತು ಮುಗಿದ ಕೂಡ್ಲೇ ಸ್ಪೇಸ್ ಒತ್ತು. ನಿನ್ನ ಜೊತೆ ಬರೋ ಆ ಹುಡ್ಗಿ ಇಮೋಯೆನ್ ಹತ್ರ ಮ್ಯಾಜಿಕ್ ಮಿಸೈಲ್ ಅನ್ನೋ ಮಂತ್ರ ಬಿಡೋ ಕೋಲು ಒಂದಿರತ್ತೆ, ಅದನ್ನ ಅವ್ನ ಮೇಲೆ ಬಿಡು, ಅದು ಗುರಿ ತಪ್ಪಲ್ಲ. ಆದ್ರೆ ನಕಲಿಗಳು ಎದ್ದ ಮೇಲೆ ಬಿಟ್ರೆ ನಕಲಿಗೇ ಹೋಗತ್ತೆ, ಅದಕ್ಕೆ ಮೊದಲ್ನೇ ಕ್ಷಣದಲ್ಲೇ ಬಿಡ್ಬೇಕು. ಅಷ್ಟರ ಮೇಲೂ ಆಗ್ಲಿಲ್ಲ ಅಂದ್ರೆ ಕೋಟೆ ಒಳಗೆ ಕಾವಲುಗಾರ್ರು ಓಡಾಡ್ತಿರ್ತಾರೆ, ಅವ್ರ ಹತ್ರ ಓಡೋಗು, ಅವ್ರೇ ನೋಡ್ಕೋತಾರೆ, ನಾಚಿಕೆ ಏನಿಲ್ಲ ಅದ್ರಲ್ಲಿ.

ಅರೆನಿದ್ದೆ:

ಓಡೋದೇ.